ಎಡಗಡೆ ಹೆಡ್‌ಲೈಟಿನ ಅಕ್ಕಾರು

ಅಕ್ಕಾರು ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಯ ದಿನ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು, "ಭಾಳ ಶಾಂತ ಸ್ವಭಾವದ ಹೆಣ್ಮಗಳು ನೋಡ್ರಿ, ಯಾರಿಗೂ ಒಂದು ಮಾತು ಅಂದೋರಲ್ಲ" ಎಂದರು. ಬಾಯಲ್ಲಿದ್ದ ಹೋಳಿಗೆ ಗಂಟಲಿಗೆ ಅಡ್ಡ ಬಂತು. ಕೆಮ್ಮಿದರೆ ನನಗೆ ಮೊದಲು ನೆನಪಾಗುವುದು ಕ್ಷಯರೋಗ. ಅವತ್ತು ಮಾತ್ರ ಅದು ನಗು ಎಂದು ತಕ್ಷಣ ಗೊತ್ತಾಯಿತು. ಶಾಂತ ಸ್ವಭಾವವಂತೆ. ಪಿ.ಬಿ. ರಸ್ತೆಯಲ್ಲಿ ಅವರ ಕಾರಿಗೆ ಅಡ್ಡ ಬಂದ ಎಮ್ಮೆಯೂ ಒಪ್ಪುವ ಮಾತಲ್ಲ ಅದು.

ಅವರು ನಮ್ಮ ಮನೆ ಮಾಲಕಿ. ದಾವಣಗೆರೆಯಲ್ಲಿ ಅವರ ಮಹಡಿ ಮೇಲಿನ ಮನೆಯಲ್ಲಿ ನಾನು, ನನ್ನ ಹೆಂಡತಿ ಬಾಡಿಗೆಗೆ ಇದ್ದೆವು. ನನ್ನ ಕೆಲಸ ಹರಿಹರದ ಒಂದು ಸಹಕಾರಿ ಬ್ಯಾಂಕಿನಲ್ಲಿ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಂದ ಬೈಸಿಕೊಂಡವರೆಲ್ಲ ಸಂಘ ಕಟ್ಟಿಕೊಂಡು ನನ್ನನ್ನು ಹುಡುಕಿ ಬಂದಾರು ಎಂಬ ಭಯ. ಎಲ್ಲರೂ ಕರೆಯುತ್ತಿದ್ದಂತೆ ನಾನೂ ಅಕ್ಕಾರೆ ಎನ್ನುತ್ತಿದ್ದೆ. ಅವರು ನನ್ನನ್ನು ಕರೆಯುತ್ತಿದ್ದದ್ದು 'ಮುಂಜಾಗ್ರತಿ' ಎಂದು. ಬಾಡಿಗೆಗೆ ಬಂದ ಮೊದಲ ದಿನವೇ ನಾನು ಗ್ಯಾಸ್ ಪೈಪು, ಮೆಟ್ಟಿಲಿನ ಕಟಕಟೆ, ನೀರಿನ ತೊಟ್ಟಿಯ ಮುಚ್ಚಳ ಇವುಗಳ ಬಗ್ಗೆ ಒಂದೇ ಉಸಿರಿನಲ್ಲಿ ವಿಚಾರಿಸಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಮುಂಜಾಗ್ರತಿ ಅಂದ್ರೆ ನೀನೇ ನೋಡಪಾ" ಎಂದರು. ಹೆಸರು ಅಂಟಿಕೊಂಡಿತು. ನನ್ನ ಹೆಂಡತಿಯೂ ಅದನ್ನೇ ಬಳಸತೊಡಗಿದಳು.

ಅವರು ಹರಿಹರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಈ ತೂತಿನ ವೈರು ಆ ತೂತಿಗೆ ಚುಚ್ಚಿ, "ಲೈನಲ್ಲಿದಾರೆ, ಮಾತಾಡ್ರಿ" ಎನ್ನುವುದು ಅವರ ಕೆಲಸ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಏನನ್ನಾದರೂ ಯೋಚಿಸುವಾಗ ಎಡಗೈ ತಾನಾಗಿ ಕಿವಿಗೆ ಹೋಗಿ ಒತ್ತಿಕೊಳ್ಳುತ್ತಿತ್ತು. ಆಗ ಯಾರೂ ಮಾತಾಡಕೂಡದು. ಎಲ್ಲಿಂದಲೋ ಯಾರೋ ಸಣ್ಣ ದನಿಯಲ್ಲಿ ಕರೆಯುತ್ತಿದ್ದಾರೆ, ಅದನ್ನು ಹಿಡಿಯಬೇಕು ಎನ್ನುವಂತೆ ಕಣ್ಣು ಕಿರಿದು ಮಾಡುತ್ತಿದ್ದರು.

"ಬೊಂಬಾಯಿಗೆ ಲೈನ್ ಕೊಟ್ಟೆ, ಮದ್ರಾಸಿಗೆ ಕೊಟ್ಟೆ, ನಾನು ಮಾತ್ರ ಸ್ಟೂಲ್ ಮ್ಯಾಲೆ ಕೂತಲ್ಲೇ ಕೂತೆ" ಎಂದು ಒಮ್ಮೆ ಹೇಳಿದ್ದರು. "ಅದಕ್ಕೇ ಈ ಕಾರು."

ಕಾರು ಹರಿಹರದ ಡಾಕ್ಟರೊಬ್ಬರ ಕೈಯಿಂದ ಇವರ ಕೈಗೆ ಬಂದದ್ದು. ಕೆನೆ ಬಣ್ಣ, ದುಂಡನೆಯ ಎರಡು ಕಣ್ಣು. ಕಂಪನಿಯ ಹೆಸರು ಹೇಳಿದರೆ ನೀವು 'ಅದು ಇನ್ನೂ ಓಡುತ್ತದಾ' ಎನ್ನುತ್ತೀರಿ. ಹಾಗೆಂದವರ ಜೊತೆ ಅಕ್ಕಾರು ಮಾತು ಬಿಡುತ್ತಿದ್ದರು. ಮದುವೆಯಾಗದ ಹೆಣ್ಣುಮಗಳು ಕಾರು ಕೊಂಡಳು ಎಂದು ಬಳಗದವರೆಲ್ಲ ಆಗ ಬಾಯಿಗೆ ಕೈ ಇಟ್ಟುಕೊಂಡಿದ್ದರಂತೆ. ಕೀಲಿಕೈ ಸದಾ ಅವರ ಸೊಂಟದ ಎಲೆ-ಅಡಿಕೆ ಚೀಲದಲ್ಲಿ. ಪ್ರತಿ ಸೋಮವಾರ ಹರಿಹರಕ್ಕೆ ಹೋಗಿ, ದೇವಸ್ಥಾನಕ್ಕೊಂದು ಸುತ್ತು ಹಾಕಿ, ಅಲ್ಲೇ ಇದ್ದ ಅವರ ಅಕ್ಕನ ಮನೆಯಲ್ಲಿ ಜಗಳವಾಡಿ ಊಟ ಮಾಡಿ, ಸಂಜೆ ನನ್ನನ್ನು ಬ್ಯಾಂಕಿನ ಮುಂದೆ ಹತ್ತಿಸಿಕೊಂಡು ವಾಪಸಾಗುತ್ತಿದ್ದರು. ಬಸ್ಸಿನಲ್ಲಿ ಬರುತ್ತೇನೆ ಎನ್ನಲು ನನಗೆ ಧೈರ್ಯವಿರಲಿಲ್ಲ. ಅವರ ಪಕ್ಕ ಕೂರಲೂ ಇರಲಿಲ್ಲ. ನನ್ನ ಬಲಗಾಲು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇರುತ್ತಿತ್ತು.

"ನೆಲ ತೂತು ಬೀಳ್ತೈತೆ, ಕಾಲು ತೆಗಿ" ಎನ್ನುತ್ತಿದ್ದರು.

ಕಾರಿನ ಆರ್‌ಸಿ ನವೀಕರಣಕ್ಕೆ ಬಂದ ವರ್ಷದ ಕಥೆ ಇದು. ಹಳೆಯ ಗಾಡಿಯನ್ನು ಆರ್‌ಟಿಓ ಇನ್ಸ್‌ಪೆಕ್ಟರು ಕಣ್ಣಾರೆ ನೋಡಿ ಸೈ ಎನ್ನಬೇಕು, ಇಲ್ಲದಿದ್ದರೆ ರಸ್ತೆಗೆ ಇಳಿಸುವಂತಿಲ್ಲ. ಆ ಭಾನುವಾರ ಅವರ ತಮ್ಮ ಬಂದರು. ಮಂಡಿಪೇಟೆಯಲ್ಲಿ ಅಂಗಡಿ, ಬಿಳಿ ಅಂಗಿ, ಕೈಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ಪೊಟ್ಟಣ. ನಾನು ನಲ್ಲಿ ಸೋರುತ್ತಿದೆ ಎಂದು ಹೇಳಲು ಕೆಳಗಿಳಿದವನು ಅಲ್ಲೇ ಸಿಕ್ಕಿಬಿದ್ದೆ.

"ಅಕ್ಕಾ, ಗಾಡಿಗೂ ವಯಸ್ಸಾತು, ನಿನಗೂ ಆತು. ಗುಜರಿಗೆ ಹಾಕಿ ಆರಾಮಾಗಿ ಆಟೋದಾಗೆ ಓಡಾಡು."

"ಆಟೋದವ್ನು ನಾನು ಹೇಳಿದ ಕಡೆ ನಿಲ್ಲಿಸ್ತಾನೇನು?"

"ಎಲ್ಲಿ ನಿಲ್ಲಿಸ್ಬೇಕು ನಿನಗೆ?"

"ಅದು ಮೊದ್ಲೇ ಗೊತ್ತಿದ್ರೆ ಕಾರ್ ಯಾಕ ಬೇಕಿತ್ತು?"

ಅವರ ತಮ್ಮ ಒಂದು ಮೆಣಸಿನಕಾಯಿ ಕಚ್ಚಿ, "ಇನ್ಸ್‌ಪೆಕ್ಟ್ರು ಪಾಸ್ ಮಾಡ್ಲಿಲ್ಲ ಅಂದ್ರೆ?" ಎಂದರು.

"ಗಾಡಿ ಬ್ಯಾಡ ಅಂತ ಅವ್ರಂದ್ರೆ ಕೀ ತಂದು ನಿನ್ನ ಅಂಗಡಿ ಗಾದಿ ಮ್ಯಾಲೆ ಇಡ್ತೀನಿ. ಆಮೇಲೆ ಸ್ಟೇರಿಂಗ್ ಮುಟ್ಟಂಗಿಲ್ಲ. ಮಾತು."

"ಮಾತು?"

"ಮಾತು. ಈ ಮುಂಜಾಗ್ರತಿ ಸಾಕ್ಷಿ."

ಸಾಕ್ಷಿಗಳಿಗೆ ಮುಂದೆ ಏನಾಗುತ್ತದೆ ಎಂಬುದನ್ನು ನಾನು ಪತ್ರಿಕೆಯಲ್ಲಿ ಓದುತ್ತಿರುತ್ತೇನೆ. ನಲ್ಲಿಯ ವಿಷಯ ಎತ್ತದೆ ಮೇಲೆ ಹೋದೆ.

ಅದರ ಮರುದಿನ ಹರಿಹರದಿಂದ ಬರುವಾಗ ಎಡಗಡೆಯ ಹೆಡ್‌ಲೈಟು ಕೈಕೊಟ್ಟಿತು. ಪೂರ್ತಿ ಆರಲಿಲ್ಲ, ಎಣ್ಣೆ ತೀರಿದ ಹಣತೆಯ ಹಾಗೆ ಕೆಂಪಗೆ ಮಿಣುಗುಟ್ಟಿತು. ತಪಾಸಣೆ ಇದ್ದದ್ದು ಅದೇ ವಾರದ ಕೊನೆಗೆ.

ಮೊದಲು ಕರೆದದ್ದು ನಮ್ಮ ಬೀದಿಯ ಆಟೋ ಎಲೆಕ್ಟ್ರಿಷಿಯನ್ನನ್ನು. ಒಳ್ಳೆಯ ಮನುಷ್ಯ. ಬಲ್ಬು ಬದಲಿಸಿದ, ಹೋಲ್ಡರ್ ಅಲ್ಲಾಡಿಸಿದ, ಉರಿಯಿತು. ಕಾರು ಗೇಟು ದಾಟುವಷ್ಟರಲ್ಲಿ ಮತ್ತೆ ಕೆಂಪಾಯಿತು.

"ಅಮ್ಮಾರೆ, ಇದೆಲ್ಲ ಹಳೇ ಕರುಳು. ಪೂರ್ತಿ ಹೊಸ ವೈರಿಂಗ್ ಹಾಕಿ ಎಲ್‌ಇಡಿ ಕೂಡ್ರಿಸಿಬಿಡಾಣ."

"ಒಂದು ಹೆಂಚು ಸೋರಿದ್ರೆ ನಿಮ್ಮನಿ ಕೆಡವಿ ಆರ್‌ಸಿಸಿ ಹಾಕಿಸ್ತೀಯೇನು?"

"ಹಾಕಿಸಿದೀನಲ್ರಿ" ಎಂದ ಅವನು. ನಿಜವಾಗಿಯೂ ಹಾಕಿಸಿದ್ದ. ಅಕ್ಕಾರಿಗೆ ಆ ಉತ್ತರ ಸೇರಲಿಲ್ಲ. ಅವನು ತನ್ನ ಟೆಸ್ಟ್ ಬಲ್ಬನ್ನು, ಅಂದರೆ ಎರಡು ವೈರು ಕಟ್ಟಿದ ಒಂದು ಪುಟ್ಟ ಬಲ್ಬನ್ನು, ನನ್ನ ಕೈಗಿಟ್ಟ. "ಇಟ್ಕಳ್ರಿ. ಅಮ್ಮಾರ ಸಿಟ್ಟು ಇಳಿದ ಮ್ಯಾಲೆ ವಾಪಸ್ ಕೊಡ್ರಿ" ಎಂದು ಹೋದ. ಆ ಬಲ್ಬು ಈಗಲೂ ನನ್ನ ಹತ್ತಿರವೇ ಇದೆ ಎಂದರೆ ಸಿಟ್ಟಿನ ಅಳತೆ ನಿಮಗೆ ತಿಳಿದೀತು.

ಮಾರನೆಯ ದಿನ ಬೆಳಗ್ಗೆ ಕಾರು ಪೋರ್ಟಿಕೋದಲ್ಲಿ ಬಾಯಿ ತೆರೆದು ನಿಂತಿತ್ತು. ಅಕ್ಕಾರು ಸೆರಗು ಸೊಂಟಕ್ಕೆ ಸಿಕ್ಕಿಸಿ ಸಣ್ಣ ಮಣೆಯ ಮೇಲೆ ಕೂತಿದ್ದರು. ನಾನು ರಜೆ ಹಾಕಿದ್ದೆ. ಸಹಾಯಕ್ಕೆ ಅಂತಲ್ಲ, ಮನೆಗೆ ಬೆಂಕಿ ಹತ್ತಿದರೆ ಇರಬೇಕಲ್ಲ ಎಂದು.

"ಡಿಪ್ ಸ್ವಿಚ್ಚು. ನೂರಕ್ಕೆ ನೂರು" ಎಂದರು. ಆ ಕಾರಿನಲ್ಲಿ ದೀಪ ಮೇಲೆ-ಕೆಳಗೆ ಮಾಡುವ ಸ್ವಿಚ್ಚು ಎಡಗಾಲಿನ ಕೆಳಗಿತ್ತು. ಅದನ್ನು ಬಿಚ್ಚಿ, ಒಳಗಿದ್ದ ಅರ್ಧ ಕಡಲೆಬೀಜವನ್ನೂ ಹೊಳೆದಂಡೆಯ ಮರಳನ್ನೂ ಕೊಡವಿ, ಪೆಟ್ರೋಲಿನಲ್ಲಿ ತೊಳೆದು ಕೂರಿಸಿದರು. ಮಧ್ಯಾಹ್ನವಾಯಿತು. ದೀಪ ಹಾಗೇ ಇತ್ತು.

"ನೂರಕ್ಕೆ ನೂರು ಅಂದ್ರಿ" ಎಂದೆ.

"ಇದು ನೂರಾ ಒಂದನೇದು." ಮುಖದಲ್ಲಿ ಸೋಲಿನ ನೆರಳೂ ಇರಲಿಲ್ಲ. ಊಟಕ್ಕೆ ಏಳದೆ, "ಈಗ ಅದಲು-ಬದಲು" ಎಂದರು.

ಅದು ಅವರ ಎಕ್ಸ್‌ಚೇಂಜಿನ ಪದ್ಧತಿ. ಒಂದು ಕನೆಕ್ಷನ್ನಿನಲ್ಲಿ ಗರಗರ ಸದ್ದು ಬಂದರೆ ಅಲ್ಲಿಯ ವೈರನ್ನು ಕಿತ್ತು, ಸರಿ ಇರುವ ಕಡೆಯದರ ಜೊತೆ ಬದಲಾಯಿಸಿ ಕೇಳುತ್ತಿದ್ದರಂತೆ. "ಎಡಗಡೇದು ಬಲಕ್ಕ ಹಾಕು, ಬಲಗಡೇದು ಎಡಕ್ಕ ಹಾಕು. ದೋಷ ಬಲ್ಬಿನ ಜೊತೆ ಹೋದ್ರೆ ಬಲ್ಬಿಂದು. ನಿಂತಲ್ಲೇ ನಿಂತ್ರೆ ಜಾಗದ್ದು. ಯಾರನ್ನೂ ಬೈಯೋಕೆ ಮುಂಚೆ ಇಷ್ಟು ಮಾಡ್ಬೇಕು." ಇದನ್ನು ಹೇಳಿದವರು ಬೆಳಗಿನಿಂದ ಡಿಪ್ ಸ್ವಿಚ್ಚನ್ನೂ ಎಲೆಕ್ಟ್ರಿಷಿಯನ್ನನ್ನೂ ನನ್ನನ್ನೂ ಬೈದಿದ್ದರು. ಬಲ್ಬು ಬದಲಿಸಿದೆವು. ಬಲಗಣ್ಣು ಝಗ್ಗೆಂದಿತು, ಎಡಗಣ್ಣು ಕೆಂಪಗೇ ಉಳಿಯಿತು.

"ಜಾಗದ್ದು" ಎಂದು ಕಿವಿಗೆ ಕೈ ಒತ್ತಿದರು.

ಮುಂದೆ ಟೆಸ್ಟ್ ಬಲ್ಬು. ಅದರ ಒಂದು ಕೊನೆಯನ್ನು ನಾನು ಬ್ಯಾಟರಿಯ ಮೈನಸ್ಸಿಗೆ ಹಿಡಿದೆ, ಇನ್ನೊಂದನ್ನು ಅವರು ಎಡಗಡೆಯ ಹೋಲ್ಡರಿಗೆ ಚುಚ್ಚಿದರು. ಪುಟ್ಟ ಬಲ್ಬು ಪ್ರಕಾಶಮಾನವಾಗಿ ಉರಿಯಿತು. "ಲೈನಲ್ಲಿದಾರೆ, ಮಾತಾಡ್ರಿ" ಎಂದರು ತಮ್ಮ ಹಳೆಯ ದನಿಯಲ್ಲಿ. ಕರೆಂಟು ಬರುತ್ತಿದೆ. ಬಲ್ಬು ಸರಿ ಇದೆ. ಆದರೂ ಎರಡನ್ನೂ ಸೇರಿಸಿದರೆ ದೀಪ ಮಂಕು. ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ. ಅವರು ಇಂಚಿಂಚು ವೈರು ಸವರಿದರು, ಎಲ್ಲ ಗಂಟು ಬಿಚ್ಚಿ ಕಟ್ಟಿದರು. ನಡುವೆ ತಮ್ಮನ ಫೋನು ಬಂತು. "ಕೀ ತೊಳ್ದು ಇಟ್ಟೀಯೇನು ಅಕ್ಕಾ?" "ನಿನ್ನ ಗಾದಿ ಝಾಡಿಸಿ ಇಟ್ಕ, ಅಷ್ಟು ಸಾಕು" ಎಂದು ಕತ್ತರಿಸಿದರು. ಫೋನಿಟ್ಟ ಮೇಲೆ ಮಾತ್ರ ಎಲೆ-ಅಡಿಕೆ ಚೀಲದ ಒಳಗೆ ಕೈ ಹಾಕಿ ಕೀಲಿ ಮುಟ್ಟಿ ನೋಡಿಕೊಂಡರು. ಅವರು ಹೆದರಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಆ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ.

ಮೂರನೆಯ ದಿನ ಸಂಜೆ ಕಾಫಿ ಕುಡಿಯುವಾಗ ನಾನು ಹೇಳಿದೆ: "ಆ ಇಂಡಿಕೇಟರ್ ವಿಷಯನೂ ಒಮ್ಮೆ ನೋಡಬಹುದಿತ್ತು."

"ಯಾವ ಇಂಡಿಕೇಟರು?"

"ಎಡಕ್ಕೆ ಇಂಡಿಕೇಟರ್ ಹಾಕಿದಾಗೆಲ್ಲ ಎಡಗಡೆ ಹೆಡ್‌ಲೈಟೂ ಜೊತೆಗೇ ಕಣ್ಣು ಹೊಡೀತದೆ. ದಸರಾದಿಂದ ಹೇಳ್ತಾನೇ ಇದೀನಲ್ಲ ಅಕ್ಕಾರೆ."

"ದಸರಾದಿಂದ ನೀನು ಟೈರು, ಹಾರನ್ನು, ಲಾರಿ ಮ್ಯಾಲಿನ ಕಬ್ಬು, ಕೆರೆ ಏರಿ, ಎಲ್ಲಾ ಹೇಳೀಯಪಾ. ನೂರು ಚಿಂತಿ ಒಳಗೆ ಖರೇದು ಒಂದಿರ್ತೈತೆ. ಯಾವ್ದು ಅಂತ ಗುರುತು ಹಾಕಿ ಹೇಳ್ಬಾರ್ದಾ?" ಎನ್ನುತ್ತಿದ್ದವರು ಥಟ್ಟನೆ ನಿಲ್ಲಿಸಿದರು. ಕೈ ಕಿವಿಗೆ ಹೋಯಿತು. ಲೋಟದ ಕಾಫಿ ಆರಿತು.

"ಇಬ್ರೂ ಒಂದೇ ಬಾಗಿಲಾಗೆ ನುಗ್ತಾ ಇದಾರೆ" ಎಂದರು ಕೊನೆಗೆ.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಬ್ಯಾಟರಿಯಿಂದ ಬಲ್ಬಿಗೆ ಹೋದ ಕರೆಂಟು ಅಲ್ಲಿಗೇ ಮುಗಿಯುವುದಿಲ್ಲ, ಬ್ಯಾಟರಿಗೆ ವಾಪಸು ಬರಬೇಕು. ವಾಪಸು ಬರಲು ಕಾರಿನಲ್ಲಿ ಬೇರೆ ವೈರು ಎಳೆದಿರುವುದಿಲ್ಲ, ಗಾಡಿಯ ಕಬ್ಬಿಣದ ಮೈಯೇ ದಾರಿ. ಎಡಗಡೆಯ ಹೆಡ್‌ಲೈಟು, ಇಂಡಿಕೇಟರು ಎರಡರ ಕಪ್ಪು ವೈರೂ ಒಂದೇ ಬೋಲ್ಟಿನಲ್ಲಿ ಆ ಮೈಗೆ ಸೇರುತ್ತವೆ. ಆ ಬೋಲ್ಟು ಕೆಟ್ಟರೆ ಇಬ್ಬರೂ ಬಾಗಿಲಲ್ಲಿ ತಳ್ಳಾಡುತ್ತಾರೆ. "ಟೆಸ್ಟ್ ಬಲ್ಬಿಗೆ ನಾವೇ ಬ್ಯಾಟರಿ ತನಕ ವೈರ್ ಹಿಡಿದು ವಾಪಸ್ ದಾರಿ ಮಾಡಿಕೊಟ್ವಿ, ಅದಕ್ಕೇ ಉರೀತು. ಹೆಡ್‌ಲೈಟಿಗೆ ಯಾರು ಮಾಡಿಕೊಟ್ರು? ಮೂರು ದಿನ ಹೋಗೋ ದಾರೀನೇ ನೋಡಿದ್ವಿ. ಬರೋ ದಾರಿ ಯಾರೂ ನೋಡ್ಲಿಲ್ಲ."

ಬಂಪರಿನ ಹಿಂದೆ ಕೈ ತೂರಿಸಿ ಬೋಲ್ಟು ಹುಡುಕಿದರು. ಹೊರಗೆ ಬಂದ ಬೆರಳಿನ ಮೇಲೆ ಹಸಿರು-ಬಿಳಿ ಪುಡಿ. ಅದರೊಳಗೆ ಕಂದು ಬಣ್ಣದ ಒಂದು ನಾರು. ಮೂಸಿ ನೋಡಿದರು, ನನಗೂ ಹಿಡಿದರು. ಹಳೆಯ ಕೊಬ್ಬರಿಯ ವಾಸನೆ.

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಪ್ರತಿ ಆಯುಧಪೂಜೆಗೆ ಅಕ್ಕಾರು ಹೆಡ್‌ಲೈಟಿಗೆ ವಿಭೂತಿ ಪಟ್ಟೆ ಎಳೆದು, ಕುಂಕುಮವಿಟ್ಟು, ಬಂಪರಿನ ಗಟ್ಟಿ ಪಟ್ಟಿಯ ಮೇಲೆ ತೆಂಗಿನಕಾಯಿ ಒಡೆಯುತ್ತಿದ್ದರು. ನೆಲದ ಮೇಲಲ್ಲ, ಗಾಡಿಯ ಮೇಲೇ ಒಡೆದರೆ ಫಲ ನೇರವಾಗಿ ಸಲ್ಲುತ್ತದೆ ಎಂದು ಅವರ ವಾದ. ಬಲಗಡೆ ಗೋಡೆ ಇದ್ದದ್ದರಿಂದ ಯಾವಾಗಲೂ ಎಡಗಡೆಗೇ. ಅಷ್ಟೂ ವರ್ಷಗಳ ಕಾಯಿನೀರು ಇಳಿದು ಇಳಿದು ಆ ಬೋಲ್ಟನ್ನು ತಿಂದುಹಾಕಿತ್ತು.

ಅಕ್ಕಾರು ಬೆರಳನ್ನೇ ನೋಡುತ್ತಾ, "ಭಕ್ತಿ ನಂದು, ತುಕ್ಕು ಗಾಡೀದು" ಎಂದರು. ಆಮೇಲೆ ನಗತೊಡಗಿದವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮರಳು ಕಾಗದದಿಂದ ಉಜ್ಜಿ, ಕಬ್ಬಿಣ ಬೆಳ್ಳಗಾಗುವವರೆಗೆ ಕೆರೆದು, ಹೊಸ ಬೋಲ್ಟು ಬಿಗಿದು, ಮೇಲೆ ಗ್ರೀಸು ಮೆತ್ತಿದರು. ಸ್ವಿಚ್ಚು ಒತ್ತಿದಾಗ ಎದುರು ಮನೆಯ ಗೋಡೆಯ ಮೇಲೆ ಸಮಸಮನಾಗಿ ಎರಡು ಹುಣ್ಣಿಮೆ ಮೂಡಿದವು.

ಕಾರು ಪಾಸಾಯಿತು. ಇನ್ಸ್‌ಪೆಕ್ಟರು ದೀಪ ನೋಡಿ, "ಒರಿಜಿನಲ್ ವೈರಿಂಗಾ ಅಮ್ಮಾ?" ಎಂದರು. "ನಾನೂ ಒರಿಜಿನಲ್ಲೇ" ಎಂದರು ಅಕ್ಕಾರು. ಬರುವ ದಾರಿಯಲ್ಲಿ ಬೇಕೆಂದೇ ಮಂಡಿಪೇಟೆಗೆ ತಿರುಗಿಸಿ, ತಮ್ಮನ ಅಂಗಡಿಯ ಮುಂದೆ ಹಾಡುಹಗಲಿನಲ್ಲಿ ಎರಡೂ ಹೆಡ್‌ಲೈಟು ಹಾಕಿ ನಿಲ್ಲಿಸಿದರು. ಆ ವರ್ಷದ ಆಯುಧಪೂಜೆಗೆ ಕಾಯಿ ಒಡೆದದ್ದು ಗಾಡಿಯ ಮುಂದೆ ಇಟ್ಟ ಒಂದು ಕಲ್ಲಿನ ಮೇಲೆ.

ಅಕ್ಕಾರ ಬಗ್ಗೆ ಹೇಳುವವರೆಲ್ಲ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅವರಿಗೆ ಗೊತ್ತಿರುವುದು ಇಷ್ಟೇ.

ಮರುವರ್ಷದ ಚಳಿಗಾಲ. ಸೋಮವಾರ, ಹರಿಹರದಿಂದ ಬರುತ್ತಿದ್ದೆವು. ಹೊತ್ತು ಮುಳುಗಿ ಸ್ವಲ್ಪವೇ ಆಗಿತ್ತು, ಎರಡೂ ಬದಿಯ ಕೊಯ್ದ ಗದ್ದೆಗಳ ಮೇಲೆ ತೆಳುವಾದ ಹೊಗೆ. ಕೆಲವು ವಾರಗಳಿಂದ ಅವರು ಎದುರಿನ ಗಾಡಿಗಳ ದೀಪವನ್ನು ಬೈಯುವುದು ಹೆಚ್ಚಾಗಿತ್ತು. ನನ್ನ ಬಲಗಾಲೂ ಹೆಚ್ಚು ದುಡಿಯುತ್ತಿತ್ತು. ಅವತ್ತು ಒಂದು ಸೈಕಲ್ಲನ್ನು ಕೂದಲೆಳೆಯಲ್ಲಿ ತಪ್ಪಿಸಿ, ಕಾರನ್ನು ಪಕ್ಕಕ್ಕೆ ಒಯ್ದು ನಿಲ್ಲಿಸಿದರು.

"ಮತ್ತೆ ಡಿಮ್ಮಾಗ್ಯಾವೆ ನೋಡು. ಇಳಿ."

ಇಳಿದು ಮುಂದೆ ನಿಂತೆ. ಎಡಗಡೆ ಅಂಗೈ ಹಿಡಿದೆ, ಬಲಗಡೆ ಹಿಡಿದೆ. ಎರಡೂ ಚೆನ್ನಾಗಿ ಉರಿಯುತ್ತಿದ್ದವು. ಬೆಳಕಿನಲ್ಲಿ ದೂರದ ಕಿಲೋಮೀಟರ್ ಕಲ್ಲಿನ ಅಕ್ಷರ ಓದಬಹುದಿತ್ತು.

ಡಿಮ್ಮು ಎಂದುಬಿಟ್ಟರೆ ಸಾಕಿತ್ತು. ಒಂದು ವಾರ ಪೋರ್ಟಿಕೋದಲ್ಲಿ ಬಿಚ್ಚಿ, ಉಜ್ಜಿ, ಬೈದು, ಖುಷಿಯಾಗಿರುತ್ತಿದ್ದರು. ನಾನು ಹುಟ್ಟಿದಾಗಿನಿಂದ ಇಲ್ಲದ ದೋಷಗಳನ್ನು ಕಂಡವನು. ಇನ್ನೊಂದನ್ನು ಕಾಣುವುದು ಕಷ್ಟವಿರಲಿಲ್ಲ. ಆದರೆ ಆ ಸೈಕಲ್ಲಿನವನು ಮುಂದೆ ಇನ್ನೂ ತುಳಿಯುತ್ತಾ ಹೋಗುತ್ತಿದ್ದ.

"ಎರಡೂ ಸರಿಯಾಗಿ ಉರೀತಾ ಇವೆ ಅಕ್ಕಾರೆ."

"ಸರಿಯಾಗಿ ನೋಡ್ದಾ?"

"ನೋಡಿದೆ."

ಗಾಜಿನ ಆಚೆ ಅವರ ಕೈ ಕಿವಿಗೆ ಹೋದದ್ದು ಕಂಡಿತು. ಆಮೇಲೆ ಬಾಗಿಲು ತೆರೆಯಿತು.

"ಬಾ ಇಲ್ಲಿ. ಅದಲು-ಬದಲು."

ಅವರು ಸುತ್ತಿಕೊಂಡು ಬಂದು ಎಡಗಡೆಯ ಸೀಟಿನಲ್ಲಿ ಕೂತರು. ನಾನು ಸ್ಟೇರಿಂಗಿನ ಮುಂದೆ ಕೂತೆ. ಲೈಸೆನ್ಸ್ ಇದ್ದರೂ ಅಲ್ಲಿ ಕೂತದ್ದು ಅದೇ ಮೊದಲು.

"ನಿನಗೆ ಅಲ್ಲಿಂದ ಹೆಂಗೈತೆ?"

"ರಸ್ತೆ ಕಾಣ್ತದೆ. ಕಲ್ಲು ಕಾಣ್ತದೆ. ಸ್ಪಷ್ಟ."

ಅವರು ಗಾಜಿನಾಚೆ ಬಹಳ ಹೊತ್ತು ನೋಡಿದರು. ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ.

"ನನಗೆ ಇಲ್ಲೂ ಹಂಗೇ ಮಂಕೈತೆ" ಎಂದರು. ಆಮೇಲೆ, ಲೆಕ್ಕ ತಾಳೆಯಾದವರ ದನಿಯಲ್ಲಿ, "ದೋಷ ನನ್ನ ಜೊತೀಗೇ ಬಂತು. ನಡಿ, ಫಸ್ಟ್ ಗೇರ್ ಹಾಕು."

ಮರುದಿನ ನಾನೇ ಓಡಿಸಿಕೊಂಡು ಮಂಡಿಪೇಟೆಗೆ ಹೋದೆವು. ಅವರು ಚೀಲದಿಂದ ಕೀಲಿ ತೆಗೆದು ತಮ್ಮನ ಗಾದಿಯ ಮೇಲೆ ಇಟ್ಟರು. ವರ್ಷಗಳಿಂದ ಅದನ್ನೇ ಕೇಳುತ್ತಿದ್ದ ಮನುಷ್ಯ ಕೈ ಹಿಂದಕ್ಕೆ ಎಳೆದುಕೊಂಡರು.

"ಇಟ್ಕ ಅಕ್ಕಾ. ಪಾಸಾಗೇತಲ್ಲ."

"ಪಾಸಾಗಿದ್ದು ಗಾಡಿ. ನನ್ನ ಯಾರೂ ನೋಡಿರ್ಲಿಲ್ಲ."

"ಕಣ್ಣಿಗೆ ಆಪರೇಷನ್ ಮಾಡ್ಸಾಣ ಬಿಡು."

"ಮಾಡ್ಸಾಣ. ಅದು ಅಲ್ಲಿ. ಕೀ ಇಲ್ಲಿ. ಗುಜರಿಗೆ ಮಾತ್ರ ಹಾಕಂಗಿಲ್ಲ, ಈ ಮುಂಜಾಗ್ರತಿ ಕೈಯಾಗ ಕೊಡು. ಹೆದರೋನು ನಿಧಾನ ಓಡಿಸ್ತಾನೆ."

ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆದರು. ಆದರೆ ಹಿಂದಿನ ನರವೇ ಒಣಗಿದೆ, ಹೋದದ್ದು ವಾಪಸು ಬರುವುದಿಲ್ಲ ಎಂದರು. ಅಕ್ಕಾರು ಡಾಕ್ಟರನ್ನು ಬೈಯಲಿಲ್ಲ. ಅಷ್ಟರಿಂದಲೇ ನನಗೆ ಎಲ್ಲ ಅರ್ಥವಾಯಿತು.

ಆದರೂ ಸೋಮವಾರ ತಪ್ಪಲಿಲ್ಲ. ಕೊನೆಯವರೆಗೂ ಹೋದೆವು. ಬರುವಾಗ ಕತ್ತಲು ಇಳಿದಂತೆ ಅವರು ಎಡಗಡೆ ನೆಟ್ಟಗೆ ಕೂತು, ಅಂಗೈ ಕಿವಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಓಡಿಸುತ್ತಾ ರಸ್ತೆಯನ್ನು ಹೇಳುತ್ತಾ ಹೋಗುತ್ತಿದ್ದೆ. ನನಗೆ ಅದು ಕಷ್ಟದ ಕೆಲಸವೇನಲ್ಲ, ಹೆದರುವವನ ಕಣ್ಣಿಗೆ ಬೀಳದ್ದು ಯಾವುದಿದೆ. ಮುಂದೆ ಟ್ರಾಕ್ಟರು, ಅದರ ಹಿಂದೆ ದೀಪವಿಲ್ಲ. ಎಡಕ್ಕೆ ಭತ್ತದ ಚೀಲ ಒಟ್ಟಿದ್ದಾರೆ. ಇಬ್ಬರು ಹುಡುಗಿಯರು ರಸ್ತೆ ದಾಟಲು ನಿಂತಿದ್ದಾರೆ, ಒಬ್ಬಳ ಕೈಯಲ್ಲಿ ಐಸ್‌ಕ್ಯಾಂಡಿ. ಗದ್ದೆ ಚಾನಲ್ಲಿನಲ್ಲಿ ನೀರು ಬಿಟ್ಟಿದ್ದಾರೆ. ಹೇಳಿ ಹೇಳಿ ಎಲ್ಲಾದರೂ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಪಕ್ಕದಿಂದ ಆ ಹಳೆಯ ದನಿ ಬರುತ್ತಿತ್ತು:

"ಕೇಳಿಸ್ತೈತೆ. ಮುಂದೆ ಹೇಳು."